ಖಾನಾಪುರದಲ್ಲಿ ಬ್ರಂಚು

ಹಂಚು ಸುಡುವ ಭಟ್ಟಿಯೊಳಗೆ ಬ್ರೆಡ್ಡು ಇಟ್ಟು ಸುಟ್ಟ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಇಲ್ಲ ತಾನೇ? ನಾನು ಕಂಡಿದ್ದೇನೆ. ಕಂಡಿದ್ದೇನೆ ಎಂದರೆ ಸಾಲದು, ಆ ಬ್ರೆಡ್ಡಿನ ಒಂದು ತುಂಡನ್ನು ಬಾಯಿಗೂ ಹಾಕಿಕೊಂಡಿದ್ದೇನೆ. ನನ್ನ ಎಡಗಡೆಯ ದವಡೆ ಹಲ್ಲಿನ ಮೂಲೆ ಮುರಿದದ್ದು ಹೇಗೆ ಎಂದು ದಂತವೈದ್ಯರು ಕೇಳಿದಾಗ ನಿಜ ಹೇಳಿದೆ, ಅವರು ನಂಬಲಿಲ್ಲ. ನೀವಾದರೂ ನಂಬಿ. ಆ ಮನುಷ್ಯ ಬೇರೆ ಯಾರೂ ಅಲ್ಲ, ನಮ್ಮ ಅಪ್ಪನ ಖಾಸಾ ತಮ್ಮ, ನನ್ನ ಕಾಕಾ!

ಕಾಕಾ ಖಾನಾಪುರದ ಒಂದು ಹಂಚಿನ ಕಾರ್ಖಾನೆಯಲ್ಲಿ ಸುಪರ್‌ವೈಸರ್ ಆಗಿದ್ದರು. ಖಾನಾಪುರದ ಮಣ್ಣು ಹಂಚಿಗೂ ಗಡಿಗೆಗೂ ಹೇಳಿ ಮಾಡಿಸಿದ್ದು. ಕಾಕಾನ ತಲೆ ಯಾವುದಕ್ಕೆ ಹೇಳಿ ಮಾಡಿಸಿದ್ದು ಎಂಬುದು ಮಾತ್ರ ಕಡೆಯವರೆಗೂ ಯಾರಿಗೂ ತಿಳಿಯಲಿಲ್ಲ. ಉಟ್ಟದ್ದು ಧೋತರ, ಅದರ ಮೇಲೆ ಕಾರ್ಖಾನೆಯ ಖಾಕಿ ಅಂಗಿ, ತಲೆಗೆ ಬಿಳಿ ಟೊಪ್ಪಿಗೆ, ಹಣೆ ತುಂಬ ವಿಭೂತಿ, ಕಿಸೆಯಲ್ಲಿ ಸದಾ ಒಂದು ಹರಿದ ಕಾಗದ. ಆ ಕಾಗದವೇ ಎಲ್ಲ ಅನಾಹುತಗಳ ಮೂಲ.

ಮ್ಯಾಟ್ರಿಕ್ ದಾಟದ ಕಾಕಾನಿಗೆ ವಿಶ್ವವಿದ್ಯಾಲಯ ಎಂದರೆ ಭಡಂಗ ಕಟ್ಟಿಕೊಡುವ ರದ್ದಿ ಕಾಗದ. ಬೆಳಗಾವಿಗೆ ಬಂದಾಗಲೆಲ್ಲ ಮಿಲಿಟರಿಯವರ ಕ್ಯಾಂಪಿನ ಕಡೆಗೆ ಹೋಗಿ, ಇಂಗ್ಲಿಷ್ ಮಾಸಿಕಗಳ ಹಾಳೆಯಲ್ಲಿ ಆ ಖಾರ ಚುರುಮುರಿ ಕಟ್ಟಿಕೊಡುವ ಗಾಡಿಯನ್ನೇ ಹುಡುಕುತ್ತಿದ್ದರು. ನಾವೆಲ್ಲ ಭಡಂಗ ತಿಂದು ಕಾಗದ ಎಸೆದರೆ, ಕಾಕಾ ಕಾಗದಕ್ಕಾಗಿ ಭಡಂಗ ಕೊಳ್ಳುವವರು. ಎಣ್ಣೆಯ ಕಲೆಗಳ ನಡುವೆ ಎಷ್ಟು ಅಕ್ಷರ ಕಂಡರೂ ಅವರಿಗೆ ಸಾಕು, ಮಿಕ್ಕಿದ್ದನ್ನು ತಾವೇ ತುಂಬಿಕೊಳ್ಳುತ್ತಿದ್ದರು.

ಒಮ್ಮೆ ಬಿಸಿಲಿನಲ್ಲಿ ಅಡುಗೆ ಮಾಡುವ ಪೆಟ್ಟಿಗೆಯ ಅರ್ಧ ಚಿತ್ರ ಸಿಕ್ಕಿತು. ಇನ್ನರ್ಧ ಯಾರ ಭಡಂಗದ ಜೊತೆ ಹೋಗಿತ್ತೋ! ಕಾಕಾ ತಗಡು ತಂದರು, ಹೆಂಡತಿಯ, ಎಂದರೆ ನನ್ನ ಕಾಕುವಿನ, ಕನ್ನಡಿ ಕಿತ್ತರು, ಪೆಟ್ಟಿಗೆ ಮಾಡಿ ಅದರೊಳಗೆ ತೊಗರಿ ಬೇಳೆ ಇಟ್ಟು ಬೆಳಗಿನಿಂದ ಸಂಜೆಯವರೆಗೆ ಅಂಗಳದಲ್ಲಿ ಕುಳಿತು ಪೆಟ್ಟಿಗೆಯನ್ನು ಸೂರ್ಯನ ಕಡೆಗೆ ತಿರುಗಿಸುತ್ತ ಹೋದರು. ಬೇಳೆ ಬೇಯಲಿಲ್ಲ, ಕಾಕಾ ಬೆಂದರು! ಕೆಂಪಾದ ಬೆನ್ನಿಗೆ ಮಜ್ಜಿಗೆ ಹಚ್ಚುತ್ತ ಕಾಕು ಹೇಳಿದ್ದು ಇಷ್ಟೇ: "ನೀವಂತೂ ಬೆಂದೀರಿ. ಒಂದ್ ಒಗ್ಗರಣಿ ಕೊಟ್ರ ಬಡಸಾಕ ತಯಾರ!"

ಇಂಥ ಕಾಕಾನ ಕೈಗೆ ನನ್ನ ಮದುವೆಯ ಹೊಣೆ ಬಂದಿತ್ತು.

ಅಪ್ಪ ತೀರಿಕೊಂಡ ಮೇಲೆ ಅವ್ವ ಮತ್ತು ನಾನು ಬೆಳಗಾವಿಯಲ್ಲಿ ಎರಡು ಖೋಲಿಯ ಬಾಡಿಗೆ ಮನೆಯಲ್ಲಿದ್ದೆವು. ನನ್ನ ಬಿ.ಎ. ಮುಗಿದಿತ್ತು, ವಯಸ್ಸು ಇಪ್ಪತ್ಮೂರು. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಆ ಕಾಲಕ್ಕೆ ಹುಡುಗಿಗೆ ಇಪ್ಪತ್ಮೂರು ಎಂದರೆ ಅಕ್ಕಪಕ್ಕದ ಮನೆಯವರಿಗೆ ಅನ್ನ ಸೇರದ ವಯಸ್ಸು. ಐದು ಕಡೆಯವರು ನನ್ನನ್ನು ನೋಡಿಕೊಂಡು ಹೋಗಿದ್ದರು. ಅವರು ನನ್ನನ್ನು ನೋಡಿದರೇ ಹೊರತು ನಾನು ಅವರನ್ನು ನೋಡಲಿಲ್ಲ. ಹೇಗೆ ನೋಡಲಿ? ಉಪ್ಪಿಟ್ಟು, ಶಿರಾದ ತಾಟು ಹಿಡಿದು ತಲೆ ತಗ್ಗಿಸಿ ಬರಬೇಕು, ತಲೆ ತಗ್ಗಿಸಿ ಕೂರಬೇಕು, ತಲೆ ತಗ್ಗಿಸಿಯೇ ಎದ್ದು ಹೋಗಬೇಕು. ಹೀಗಾಗಿ ಐವರು ವರರನ್ನೂ ನಾನು ಬಲ್ಲದ್ದು ಪಾದಗಳಿಂದ ಮಾತ್ರ. ಒಬ್ಬನ ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಒಬ್ಬನ ಕಾಲುಚೀಲದಲ್ಲಿ ತೂತು. ಇನ್ನೊಬ್ಬ ಕೂತಷ್ಟು ಹೊತ್ತೂ ಕಾಲು ಅಲ್ಲಾಡಿಸುತ್ತಿದ್ದ. ಇಂದಿಗೂ ಅವರು ಬಜಾರಿನಲ್ಲಿ ಎದುರಾದರೆ ನನಗೆ ಗುರುತು ಹತ್ತದು. ಚಪ್ಪಲಿ ಬಿಟ್ಟು ನಿಂತರೆ ಹೇಳಿಯೇನು!

ಅವರೇನು ಕಡಿಮೆ ನೋಡಿದರೆ? ಒಬ್ಬರು ನಡೆದು ತೋರಿಸು ಎಂದರು. ಒಬ್ಬರು ಜಡೆ ಖರೆಯದೋ ಚೌರಿಯೋ ಎಂದು ಜಗ್ಗಿ ನೋಡಿದರು. ಮತ್ತೊಬ್ಬರು ಸೂಜಿಗೆ ದಾರ ಪೋಣಿಸಲು ಕೊಟ್ಟು ಕಣ್ಣಿನ ಪರೀಕ್ಷೆ ಮಾಡಿದರು. ಕೊನೆಗೆ ಎಲ್ಲರದ್ದೂ ಒಂದೇ ಮಾತು: "ಮನಿಗೆ ಹೋಗಿ ತಿಳಸ್ತೇವ್ರೀ." ಅವರ ಮನೆಗಳು ಎಷ್ಟು ದೂರವೋ ಏನೋ, ಇನ್ನೂ ಯಾರೂ ತಲುಪಿದ ಹಾಗಿಲ್ಲ.

ಐದನೆಯವರೂ ಸುಮ್ಮನಾದಾಗ ಕಾಕಾ ನಮ್ಮ ಮನೆಗೆ ಬಂದು, ಬಹಳ ವಿಚಾರ ಮಾಡಿ, ತೀರ್ಪು ಕೊಟ್ಟರು.

"ವೈನಿ, ತಪ್ಪು ಹುಡುಗೀದಲ್ಲ. ಉಪ್ಪಿಟ್ಟಿಂದು."

ಅವ್ವನಿಗೆ ಸಿಟ್ಟು ಬಂತು. "ನನ್ನ ಉಪ್ಪಿಟ್ಟಿಗೆ ಏನಾಗೇತಿ?"

"ಏನೂ ಆಗಿಲ್ಲ. ಎಲ್ಲಾರ ಮನ್ಯಾಗ ಇರೂ ಹಂಗ ಐತಿ. ಅದ ತ್ರಾಸು. ಮುಂದಿನ ಸಲ ನಮ್ಮ ಮನಿಗೆ ಕರಸೂಣು. ತಾಟಿನ್ಯಾಗ ಏನ್ ಇಡಬೇಕು ಅನ್ನೂದು ನನಗ ಬಿಡ್ರಿ."

ಅವ್ವ ನನ್ನ ಮುಖ ನೋಡಿದಳು. ನಾನು ಕಾಕಾನ ಕಿಸೆ ನೋಡಿದೆ. ಹೌದು, ಕಾಗದವಿತ್ತು!

ಆರನೆಯ ಪ್ರಸ್ತಾಪ ಬಂದದ್ದು ಬೆಳಗಾವಿಯಲ್ಲಿ ಆಗಿನ್ನೂ ಮನೆಗಳು ಏಳುತ್ತಿದ್ದ ಮಹಾಂತೇಶ ನಗರದಿಂದ. ಹುಡುಗ ಬ್ಯಾಂಕಿನಲ್ಲಿ ನೌಕರ, ಅಪ್ಪ ನಿವೃತ್ತ ಹೆಡ್ ಕ್ಲಾರ್ಕು, ಅವ್ವ ಮನೆಯ ಸರ್ವಾಧಿಕಾರಿ. ನಮ್ಮ ಹಾಗೆಯೇ ಲಿಂಗಾಯತರು, ನಮಗಿಂತ ಎರಡು ಬೆರಳು ಹೆಚ್ಚು ಆಚಾರವಂತರು. ದಸರೆ ಮುಗಿದ ಮೇಲೆ ಒಂದು ರವಿವಾರ ಗೊತ್ತಾಯಿತು. ನಾನೂ ಅವ್ವನೂ ಎಂಟು ದಿನ ಮುಂಚೆಯೇ ಖಾನಾಪುರಕ್ಕೆ ಹೋದೆವು.

ಕಾಕಾ ಕಾಗದ ಬಿಚ್ಚಿದರು. ಎಣ್ಣೆಯ ಕಲೆಗಳ ನಡುವೆ ಬಣ್ಣದ ಚಿತ್ರ: ಉಬ್ಬಿದ ಬ್ರೆಡ್ಡಿನ ತುಂಡುಗಳು, ಮೇಲೆ ಹಣ್ಣಿನ ಹೋಳುಗಳು. ಕೆಳಗೆ ದೊಡ್ಡ ಅಕ್ಷರ. ಕಾಕಾ ಅದನ್ನು ಮಂತ್ರದಂತೆ ಓದಿದರು: "ಬೇಕ್ಡ್ ಫ್ರೆಂಚ್ ಟೋಸ್ಟ್ ಕ್ಯಾಸರೋಲ್ ವಿತ್ ಆಟಮ್ ಫ್ರೂಟ್ ಫಾರ್ ಬ್ರಂಚ್!"

"ಕಡೀಕ ಅಂದ್ರೆಲ್ಲಾ, ಅದೇನದು?" ಎಂದರು ಕಾಕು.

"ಬ್ರಂಚು. ನಾಷ್ಟಾನೂ ಅಲ್ಲ, ಊಟಾನೂ ಅಲ್ಲ. ನಡುವ ಹನ್ನೊಂದಕ್ಕ ತಿನ್ನೂದು."

"ಅಂದ್ರ ಬಂದ ಬೀಗರನ್ನ ಹನ್ನೊಂದರ ತನಕ ಉಪಾಸ ಕೆಡವೂದು ಅನ್ರಿ!"

"ಸಾಹೇಬ ಮಂದಿ ಹಂಗ ತಿಂತಾರ."

"ಅವರು ತಡಾ ಮಾಡಿ ಏಳತಾರ, ತಡಾ ಮಾಡಿ ತಿಂತಾರ. ನಾವು ಐದಕ್ಕ ಎದ್ದು ಹನ್ನೊಂದರ ತನಕ ಏನ್ ಮಾಡೂಣು? ನಿಮ್ಮ ಮಾರಿ ನೋಡೂಣು?"

ಕಾಕು ಬರೀ ಮಾತಾಡುತ್ತಿದ್ದರೇ ಹೊರತು ಕಾಕಾನನ್ನು ತಡೆಯುತ್ತಿರಲಿಲ್ಲ. ತಡೆದು ಸೋತು ಇಪ್ಪತ್ತು ವರ್ಷಗಳಾಗಿದ್ದವು.

ಇಂಗ್ಲಿಷು ಬರುತ್ತದೆಂಬ ಕಾರಣಕ್ಕೆ ನಾನು ದುಭಾಷಿ. ಆಟಮ್ ಎಂದರೆ ಶರದೃತು, ದಸರೆ ದೀಪಾವಳಿಯ ಕಾಲ ಎಂದೆ. ಆಗ ಸಿಗುವ ಹಣ್ಣು ಎಂದರೆ ಆ್ಯಪಲ್ ಮತ್ತು ಪೇರ್ ಎಂದು ಬರೆದಿತ್ತು. ಪೇರ್ ಎಂದರೆ ಏನು? ನಾನೂ ಚಿತ್ರದಲ್ಲಿ ಬಿಟ್ಟು ಬೇರೆಲ್ಲೂ ಕಂಡವಳಲ್ಲ. ಕಾಕಾ ಮಾತ್ರ ಕ್ಷಣವೂ ತಡವರಿಸಲಿಲ್ಲ.

"ಅಷ್ಟೂ ತಿಳಿಯೂದಿಲ್ಲಾ? ಮರಾಠ್ಯಾಗ ಪೇರಲಹಣ್ಣಿಗೆ ಏನಂತಾರ? ಪೇರೂ! ಸಾಹೇಬ ಇಲ್ಲಿಂದ ಹೋಗೂ ಮುಂದ ಹೆಸರು ಒಯ್ದಾನ, ದಾರ್‍ಯಾಗ 'ಊ' ಕಳಕೊಂಡಾನ."

ಹೀಗೆ ಯೂರೋಪಿನ ಪೇರ್ ಹಣ್ಣು ನಮ್ಮ ಹಿತ್ತಲಿನ ಪೇರಲ ಗಿಡಕ್ಕೆ ಬಂದು ಕೂತಿತು. ಜೊತೆಗೆ ಶರದೃತುವಿನ ಹೆಸರು ಹೇಳಿಕೊಂಡು ನಾಲ್ಕು ಸೀತಾಫಲಗಳೂ ಸೇರಿದವು.

ಸೇಬುಹಣ್ಣು ತರಲು ಕಾಕಾ ಬೆಳಗಾವಿಗೆ ಹೋದರು. ಇಲ್ಲಿ ನಿಮಗೆ ಒಂದು ಮಾತು ಹೇಳಬೇಕು. ಆಗ ನಮ್ಮ ಕಡೆ ಸೇಬುಹಣ್ಣನ್ನು ಆರೋಗ್ಯವಂತರು ತಿನ್ನುವ ಪದ್ಧತಿ ಇರಲಿಲ್ಲ. ಸೇಬು ಕೊಂಡರೆ ದವಾಖಾನೆಯಲ್ಲಿ ಯಾರೋ ಮಲಗಿರಲೇಬೇಕು. ಬ್ರೆಡ್ಡಿನ ಕತೆಯೂ ಅಷ್ಟೇ, ಅದು ಜ್ವರದವರ ಆಹಾರ. ಅಂಥದ್ದರಲ್ಲಿ ಕಾಕಾ ಚೀಲದ ತುಂಬ ಸೇಬು ಹಿಡಿದು ಖಾನಾಪುರದ ಬಸ್ಸು ಹತ್ತಿದ್ದಾರೆ! ಪೀರನವಾಡಿ ದಾಟುವುದರೊಳಗೆ ಬಸ್ಸಿನವರೆಲ್ಲ ಮರುಗತೊಡಗಿದರು. "ಯಾರಿಗೆ ಆರಾಮಿಲ್ರಿ?" ಎಂದು ಒಬ್ಬರು ಕೇಳಿದ್ದಕ್ಕೆ ಕಾಕಾ, ಹೆಚ್ಚು ವಿವರಿಸಲು ಮನಸ್ಸಿಲ್ಲದೆ, "ಮನ್ಯಾಗ ಬೇಕಾಗಿತ್ತು" ಎಂದುಬಿಟ್ಟರು.

ಮನ್ಯಾಗ ಎಂದರೆ ಹೆಂಡತಿಯೇ ತಾನೇ? ಕಾಕಾ ದಾರಿಯಲ್ಲಿ ಇನ್ನೊಂದು ಕಡೆ ಇಳಿದು ದಾಲ್ಚಿನ್ನಿ ಕೊಳ್ಳುತ್ತಿರುವಾಗ ಸುದ್ದಿ ಮುಂದೆ ಹೋಗಿ ಮನೆ ಮುಟ್ಟಿತ್ತು. ಬಾಗಿಲು ಬಡಿದ ಸದ್ದಿಗೆ ಕಾಕು ರೊಟ್ಟಿ ಹಿಟ್ಟಿನ ಕೈಯಲ್ಲೇ ಬಂದು ತೆರೆದರೆ, ಓಣಿಯ ಏಳು ಹೆಂಗಸರು ಸೆರಗು ಬಾಯಿಗೆ ಹಿಡಿದು ನಿಂತಿದ್ದಾರೆ.

"ಯಾಕ ಬಂದ್ರೆವ್ವಾ?"

"ನಿಮ್ಮನ್ನ ನೋಡಾಕ ಬಂದ್ವಿ. ಭಾಳ ಆಗಿತ್ತಂತ!"

"ನನಗೇನ್ ಆಗೇತಿ? ಈಗರೆ ಎಂಟು ರೊಟ್ಟಿ ಬಡಿದ್ನಿ!"

ಅವರಲ್ಲಿ ಇಬ್ಬರ ಮುಖದಲ್ಲಿ ಸ್ಪಷ್ಟವಾಗಿ ನಿರಾಸೆ ಕಂಡಿತೆಂದು ಕಾಕು ಕಡೆಯವರೆಗೂ ಹೇಳುತ್ತಿದ್ದರು.

ನಿಜವಾದ ಯುದ್ಧ ನಡೆದದ್ದು ಮರುದಿನ. ಕಾಗದದಲ್ಲಿ ಆರು ತತ್ತಿ ಒಡೆದು ಹಾಲಿನಲ್ಲಿ ಕಲಸಿ ಎಂದಿತ್ತು. ನಾನು 'ತತ್ತಿ' ಎಂಬ ಶಬ್ದವನ್ನು ಪಿಸುಮಾತಿನಲ್ಲಿಯೇ ಹೇಳಿದೆ. ಆದರೂ ಕಾಕು ಹಿತ್ತಲಿನಿಂದ ಓಡಿ ಬಂದರು.

"ಈ ಹೊಸ್ತಿಲಾ ದಾಟಿ ಒಂದ ಒಂದು ತತ್ತಿ ಒಳಗ ಬಂತಂದ್ರ, ನಾ ತವರಮನಿಗೆ ಹೊಕ್ಕೇನಿ!"

ಕಾಕುವಿನ ತವರುಮನೆ ಎರಡು ಓಣಿ ಆಚೆಗಿತ್ತು. ಆದರೂ ಆ ಬೆದರಿಕೆಗೆ ಬೆಲೆ ಇತ್ತು. ಕಾಕಾ ಒಮ್ಮೆಲೇ ಕೈ ಮುಗಿದರು. "ಲಿಂಗದಾಣೆ, ನಾ ತತ್ತಿ ಮುಟ್ಟಾಂವಲ್ಲ. ಬ್ಯಾರೆ ಹಾದಿ ಹುಡುಕೂಣು." ಹಾದಿ ಹುಡುಕಿದವರು ಕಾಕು. ತತ್ತಿಯ ಬದಲು ಕಡಲೆ ಹಿಟ್ಟು ಮತ್ತು ಕಸ್ಟರ್ಡ್ ಪುಡಿ. ವೆನಿಲಾ ಬದಲು ಯಾಲಕ್ಕಿ. ಮೇಪಲ್ ಸಿರಪ್ ಎಂಬುದರ ಬದಲು ಜೋನಿ ಬೆಲ್ಲ. ಬೆಣ್ಣೆಯ ಬದಲು ಎಮ್ಮೆ ತುಪ್ಪ. ಪಾಪ, ಫ್ರೆಂಚರದ್ದು ಅಂತ ಉಳಿದದ್ದು ಹೆಸರೊಂದೇ!

ಇನ್ನು ಬೇಯಿಸುವ ಪ್ರಶ್ನೆ. ಕಾಗದದ ಕೊನೆಯ ಸಾಲು ಹೀಗಿತ್ತು: ಮುನ್ನೂರೈವತ್ತು ಡಿಗ್ರಿಯಲ್ಲಿ ಒಂದು ತಾಸು ಬೇಯಿಸಿ, ಅಥವಾ... ಅಲ್ಲಿಗೆ ಕಾಗದ ಹರಿದಿತ್ತು.

"ಅಥವಾ ಏನು?" ಎಂದರು ಕಾಕು.

"ಯಾಂವ ಬಲ್ಲ! ಅದನ್ನ ಭಡಂಗದಾಂವ ಮತ್ತೊಬ್ಬರಿಗೆ ಕೊಟ್ಟಾನ."

ಕಾಕಾನಿಗೆ ಡಿಗ್ರಿ ಎಂಬ ಶಬ್ದ ಕಂಡದ್ದೇ ಆನಂದವಾಯಿತು. ಡಿಗ್ರಿ ಅವರ ದಿನನಿತ್ಯದ ಮಾತು! "ಮುನ್ನೂರೈವತ್ತಕ್ಕ ಒಂದು ತಾಸು. ನಮ್ಮ ಭಟ್ಟಿ ಒಂಬತ್ತು ನೂರು. ಅಂದ್ರ ಇಪ್ಪತ್ತು ಮಿನಿಟು ಧಾರಾಳ ಆತು!" ಕುಂಬಾರನ ಹತ್ತಿರ ಹೇಳಿ ಮಾಡಿಸಿದ್ದ, ದನಕ್ಕೆ ನೀರಿಡುವ ಬಾನಿಯಂತಿದ್ದ ಚೌಕನೆಯ ಮಣ್ಣಿನ ಪಾತ್ರೆಯಲ್ಲಿ ಹಾಲು ಕುಡಿದ ಬ್ರೆಡ್ಡನ್ನೂ ಹಣ್ಣನ್ನೂ ಜೋಡಿಸಿ, ಕಾರ್ಖಾನೆಯ ಭಟ್ಟಿಯಲ್ಲಿ ಹಂಚುಗಳ ಪಕ್ಕ ಇಡಿಸಿದರು. ಇಪ್ಪತ್ತು ನಿಮಿಷದ ಮೇಲೆ ಉದ್ದ ಕಬ್ಬಿಣದ ಸಲಾಕೆಯಿಂದ ಹೊರಗೆಳೆದಾಗ ಪಾತ್ರೆ ಮೊದಲಿಗಿಂತ ಗಟ್ಟಿಯಾಗಿ ಕೆಂಪಗೆ ಹೊಳೆಯುತ್ತಿತ್ತು. ಒಳಗಿನದು ಕರ್ರಗೆ ಮುದುಡಿ ಕುಳಿತಿತ್ತು. ಭಟ್ಟಿಯ ಮುಕಾದಮ ಮರಾಠಿಯವನು. ಅದನ್ನು ಸಲಾಕೆಯಿಂದ ಟಣ್ ಎಂದು ಬಡಿದು ನೋಡಿ, ಬಹಳ ಗಂಭೀರವಾಗಿ ಹೇಳಿದ: "ಸಾಹೇಬ, ಹೇ ಕೌಲ್ ನಾಹೀ. ವೀಟ್ ಝಾಲೀ!" ಸಾಹೇಬರೇ, ಇದು ಹಂಚಲ್ಲ, ಇಟ್ಟಿಗೆಯಾಗಿದೆ!

ನನ್ನ ಹಲ್ಲು ಮುರಿದದ್ದು ಇದರಲ್ಲಿಯೇ. ಮನೆಗೆ ತಂದು, "ಒಳಗ ಮೆತ್ತಗ ಇರ್ತೈತಿ, ನೋಡವಾ" ಎಂದು ಕಾಕಾ ಪ್ರೀತಿಯಿಂದ ಕೊಟ್ಟರು. ಹೇಗೆ ಒಲ್ಲೆ ಎನ್ನಲಿ?

ಕೊನೆಗೆ ಊರಿನ ಪಾವಿನ ಭಟ್ಟಿಯವನೇ ಗತಿ ಎಂದಾಯಿತು. ಆ ಮುದುಕ ಗೋವಾ ಕಡೆಯವನು, ಕಟ್ಟಿಗೆ ಭಟ್ಟಿಯಲ್ಲಿ ನಲವತ್ತು ವರ್ಷ ಪಾವು ಸುಟ್ಟವನು, ಮಹಾ ಅಭಿಮಾನಿ. ಕಾಕಾ ಅವನ ಹತ್ತಿರವೇ ಬ್ರೆಡ್ಡು ಕೊಂಡು, ಅದನ್ನೇ ಮರುದಿನ ಪಾತ್ರೆಯಲ್ಲಿಟ್ಟು ತಂದು, "ಇದನ್ನ ಸ್ವಲ್ಪ ಸುಟ್ಟು ಕೊಡಪಾ" ಎಂದರು. ಮುದುಕ ಬಗ್ಗಿ ನೋಡಿದ. ತನ್ನ ಬ್ರೆಡ್ಡಿನ ಗುರುತು ಹತ್ತಿತು. ಅವನ ಮೀಸೆ ನಡುಗಿತು.

"ಸಾಹೇಬ್ರ, ನಾ ಸುಟ್ಟಿದ್ದು ಕಚ್ಚಾ ಇತ್ತೇನು?"

"ಛೇ ಛೇ, ಹಂಗಲ್ಲ..."

"ನಲವತ್ತು ವರ್ಸದಾಗ ನನ್ನ ಪಾವು ಯಾರೂ ವಾಪಸ್ ತಂದಿಲ್ಲ!"

ಕಾಕಾ ಅರ್ಧ ತಾಸು ಅವನಿಗೆ ಫ್ರಾನ್ಸ್ ದೇಶದ ವಿಷಯ ತಿಳಿಸಿ ಹೇಳಿದರು. ಅವನು ಒಪ್ಪಿದ್ದು ಫ್ರಾನ್ಸಿಗಾಗಿ ಅಲ್ಲ. "ನಮ್ಮ ಹುಡುಗಿಗೆ ವರಾ ಬರಾಕತ್ತೈತಿ" ಎಂದಾಗ ಮುದುಕ ಮೀಸೆ ಒರೆಸಿಕೊಂಡು, ಕೆಂಡ ಒಂದು ಬದಿಗೆ ಸರಿಸಿ ಜಾಗ ಮಾಡಿದ. ಆ ದಿನದ ತಾಲೀಮು ಚೆನ್ನಾಗಿಯೇ ಆಯಿತು. ಮೇಲೆ ಹೊಂಬಣ್ಣ, ಒಳಗೆ ಗಿಣ್ಣದಂತೆ ಮೆತ್ತಗೆ. ಕಾಕು ಮೂಸಿ ನೋಡಿ, ತಿಂದು ನೋಡಿ, ಏನೂ ಅನ್ನಲಿಲ್ಲ. ಅದಕ್ಕಿಂತ ದೊಡ್ಡ ಪ್ರಶಸ್ತಿ ಆ ಮನೆಯಲ್ಲಿ ಇರಲಿಲ್ಲ.

ರವಿವಾರ ಬಂತು. ಕಾಕಾ ಎಂಟು ಗಂಟೆಗೇ ಪಾತ್ರೆ ಹೊತ್ತುಕೊಂಡು ಭಟ್ಟಿಗೆ ಹೋಗಿ, ಹತ್ತೂವರೆಗೆ ಬಿಸಿಬಿಸಿಯಾಗಿ ತಂದು ಕೌದಿಯಲ್ಲಿ ಸುತ್ತಿಟ್ಟರು. ಹನ್ನೊಂದಾಯಿತು. ಬೀಗರಿಲ್ಲ. ಹನ್ನೊಂದೂವರೆ ಆಯಿತು. ಬೀಗರಿಲ್ಲ! ಅವ್ವ ದೇವರ ಮುಂದೆ ಕೂತಳು. ಹನ್ನೆರಡಕ್ಕೆ ಕಾಕಾ ಹುಡುಕಲು ಹೊರಟರೆ, ನಾಲ್ಕೂ ಜನ ಸಿಕ್ಕದ್ದು ಎಲ್ಲಿ ಗೊತ್ತೇ? ಊರಿನ ಬ್ಯಾಂಕಿನ ಮುಂದೆ! ರವಿವಾರ, ಬಾಗಿಲಿಗೆ ಬೀಗ. ಕಾವಲುಗಾರ ಇವರನ್ನು ಮೇಲಿಂದ ಕೆಳಗೆ ನೋಡುತ್ತ ಲಾಠಿ ಹಿಡಿದು ನಿಂತಿದ್ದಾನೆ.

"ಇಲ್ಯಾಕ ನಿಂತೀರಿ?" ಎಂದರು ಕಾಕಾ.

ಹುಡುಗನ ಅಪ್ಪ ಕಿಸೆಯಿಂದ ಕಾರ್ಡು ತೆಗೆದು ತೋರಿಸಿದರು. "ನೀವ ಬರದೀರೆಲ್ಲಾ, 'ಹನ್ನೊಂದಕ್ಕೆ ಬ್ರಂಚಿಗೆ ಬರಬೇಕು' ಅಂತ. ಬರ್‍ಯೂದರಾಗ ತಪ್ಪೇತಿ ಅಂದ್ಕೊಂಡ್ವಿ. ಹುಡುಗ ಬ್ಯಾಂಕಿನ್ಯಾಗ ಅದಾನು, ಬ್ರ್ಯಾಂಚಿನ್ಯಾಗ ಭೆಟ್ಟಿ ಇಟ್ಟಾರು, ಇವರದು ಏನರೆ ಹೊಸಾ ಪದ್ಧತಿ ಇರಬೇಕು ಅಂತ ತಾಸೊತ್ತಿನಿಂದ ನಿಂತೇವಿ!"

ಹಸಿದ ಹೊಟ್ಟೆಯ ಬೀಗರಿಗಿಂತ ಒಳ್ಳೆಯ ಬೀಗರಿಲ್ಲ. ಬಂದವರು ಕಾಲು ತೊಳೆದು ನೇರ ಚಾಪೆಯ ಮೇಲೆ ಕೂತರು: ಹುಡುಗ, ಅಪ್ಪ, ಅವ್ವ, ಅವ್ವನ ತಂಗಿ. ನಾನು ತಲೆ ತಗ್ಗಿಸಿ ತಾಟು ಇಟ್ಟು, ತಲೆ ತಗ್ಗಿಸಿ ಎದುರಿಗೆ ಕುಳಿತೆ. ಕಾಕಾ ಕೌದಿ ಬಿಚ್ಚಿದರು. ದಾಲ್ಚಿನ್ನಿ, ತುಪ್ಪ, ಪೇರಲದ ವಾಸನೆ ಪಡಸಾಲೆ ತುಂಬಿತು. ಎಲ್ಲರೂ ಕತ್ತು ಚಾಚಿದರು.

"ಇದಕ್ಕ ಏನಂತಾರ್ರೀ?" ಹುಡುಗನ ಅವ್ವ ಕೇಳಿದಳು.

ಕಾಕಾ ಎದ್ದು ನಿಂತು ಪೂರ್ತಿ ಹೆಸರು ಹೇಳಿದರು. ಯಾರಿಗೂ ಒಂದಕ್ಷರ ತಿಳಿಯಲಿಲ್ಲ.

"ಅಂದ್ರ?"

"ಅಂದ್ರ ಹಣ್ಣಿನ ಗಿಣ್ಣ ಅಂತ ತಿಳಕೋರಿ. ಮ್ಯಾಲ ಇರೂದು ಕಾಶ್ಮೀರದ್ದು, ಕೆಳಗ ಇರೂದು ಹಿತ್ತಲದ್ದು."

ಅಲ್ಲಿಂದ ಮುಂದೆ ಒಂದು ಅದ್ಭುತ ನಡೆಯಿತು. ನನ್ನನ್ನು ಯಾರೂ ನೋಡಲಿಲ್ಲ! ಚಮಚದಿಂದ ಮುಟ್ಟಿ ನೋಡುವವರು, ಅಲುಗಾಡುತ್ತದೆಂದು ನಗುವವರು, ಇದು ಸೀತಾಫಲವೋ ಪೇರಲವೋ ಎಂದು ವಾದಿಸುವವರು. ನಡೆದು ತೋರಿಸು ಎನ್ನುವುದು ಮರೆತುಹೋಯಿತು. ಜಡೆ ಜಗ್ಗುವುದು ಮರೆತುಹೋಯಿತು. ಹುಡುಗನ ಅಪ್ಪ ಎರಡನೆಯ ಸಲ ಹಾಕಿಸಿಕೊಳ್ಳುತ್ತ, "ಬ್ರ್ಯಾಂಚು ಭಾಳ ಚಲೋ ಐತ್ರಿ" ಎಂದರು.

ಕುತ್ತಿಗೆ ನೋಯುತ್ತಿತ್ತು. ನಾನು ಮೆಲ್ಲಗೆ ತಲೆ ಎತ್ತಿದೆ. ಯಾರೂ ಏನೂ ಅನ್ನಲಿಲ್ಲ. ಇನ್ನಷ್ಟು ಎತ್ತಿದೆ. ಆರನೆಯ ವರನನ್ನು, ಪಾದದಿಂದ ಅಲ್ಲ, ಮುಖದಿಂದ ನೋಡಿದೆ.

ಚೆಂದದ ಹುಡುಗನೇ. ಚಮಚ ಹಿಡಿದು ಕೂತಿದ್ದ, ತಿಂದಿರಲಿಲ್ಲ. ಅವನ ಅವ್ವ ಒಂದು ತುತ್ತು ತಿಂದು ಗೋಣು ಹಾಕಿದ ಮೇಲೆ ಅವನೂ ತಿಂದ. ಅವಳು ಪೇರಲದ ಬೀಜ ತೆಗೆದು ಬದಿಗಿಟ್ಟಳು, ಅವನೂ ತೆಗೆದಿಟ್ಟ. ಅವಳು "ಚಲೋ ಐತಿ" ಎಂದಳು, ಅವನೂ "ಚಲೋ ಐತಿ" ಎಂದ. ಕಾಕು ಇನ್ನೊಂದಿಷ್ಟು ಬಡಿಸಲು ಹೋದರೆ, "ಅವ್ವಗ ಕೇಳ್ರಿ" ಎಂದ. ಆಗ ಅವನ ಕಣ್ಣು ನನ್ನ ಕಣ್ಣಿಗೆ ತಾಗಿತು. ಒಂದೇ ಕ್ಷಣ. ಅಷ್ಟರಲ್ಲಿ ಅವನು ತಿರುಗಿ, ನನ್ನನ್ನು ನೋಡಬಹುದೋ ಬೇಡವೋ ಎಂಬಂತೆ ಅವ್ವನ ಮುಖ ನೋಡಿದ!

ಗುರುವಾರ ಕಾರ್ಡು ಬಂತು. ಹುಡುಗಿ ಪಸಂದ ಇದ್ದಾಳೆ, ಮಾತುಕತೆಗೆ ಬರ್ರಿ! ಅವ್ವ ಬೆಳಗಾವಿಯ ನಮ್ಮ ಓಣಿಗೆಲ್ಲ ಸಕ್ಕರೆ ಹಂಚಿದಳು. ಮರುದಿನ ಕಾಕಾ ಬಂದರು. ಅವ್ವ ಹಾಲು ತರಲು ಹೊರಗೆ ಹೋದಾಗ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು, ಯಾವತ್ತಿನ ಗದ್ದಲವಿಲ್ಲದೆ ಕೇಳಿದರು.

"ಹುಡುಗನ್ನ ನೋಡಿದಿ?"

"ನೋಡಿದ್ನಿ, ಕಾಕಾ."

"ಹೆಂಗದಾನು?"

ಆರು ಸಲ ನನ್ನನ್ನು ತೋರಿಸಲಾಗಿತ್ತು. ಈ ಪ್ರಶ್ನೆಯನ್ನು ನನಗೆ ಅದುವರೆಗೆ ಯಾರೂ ಕೇಳಿರಲಿಲ್ಲ.

"ಯಾಕ ಸುಮ್ಮನಾದಿ? ಅದಕ್ಕಂತನ ಅಲ್ಲೇನು ಅಷ್ಟೆಲ್ಲ ಹೆಣಗ್ಯಾಡಿದ್ದು? ಉಪ್ಪಿಟ್ಟಿನ ತಾಟು ಯಾರೂ ಎರಡನೇ ಸಲ ನೋಡೂದಿಲ್ಲ, ಎಲ್ಲಾರೂ ನಿನ್ನ ನೋಡಕೋತ ಕುಂದರ್ತಾರ. ಎಂದೂ ಕಾಣದ್ದು ಏನರೆ ಇಟ್ರ ಅವರ ಕಣ್ಣು ಅದರ ಮ್ಯಾಲ ಇರ್ತಾವು, ನೀ ತಲಿ ಎತ್ತಿ ಅವನ್ನ ನೋಡಾಕ ಬರ್ತೈತಿ ಅಂತ ಮಾಡಿದ್ನಿ. ಹೇಳು. ಹೆಂಗದಾನು?"

"ನನಗ ಬ್ಯಾಡ ಕಾಕಾ," ಎಂದೆ. "ಅವ ಕೆಟ್ಟಾಂವಲ್ಲ. ಆದ್ರ ಅವಗ ಹೆಂಡ್ತಿ ಬೇಕಾಗಿಲ್ಲ, ಅವ್ವನ ಸಾಕು."

ಕಾಕಾ ಎರಡನೆಯ ಪ್ರಶ್ನೆ ಕೇಳಲಿಲ್ಲ. ಟೊಪ್ಪಿಗೆ ಹಾಕಿಕೊಂಡು, ಚಹಾಕ್ಕೂ ನಿಲ್ಲದೆ, ಮಹಾಂತೇಶ ನಗರದ ಕಡೆಗೆ ನಡೆದುಹೋದರು.

ಅಲ್ಲಿ ಅವರು ಏನು ಹೇಳಿದರು ಎಂಬುದು ಎರಡು ದಿನಕ್ಕೆ ಬೆಳಗಾವಿಗೆಲ್ಲ ಗೊತ್ತಾಯಿತು. "ನಿಮಗ ಸುಳ್ಳು ಹೇಳಿ ಸಂಬಂಧ ಬೆಳಸೂದು ಬ್ಯಾಡ್ರಿ. ನೀವು ತಿಂದದ್ದರಾಗ ಆರು ತತ್ತಿ ಇದ್ದೂವು. ನಮ್ಮ ಮನ್ಯಾಗ ಯಾರಿಗೂ ಗೊತ್ತಿಲ್ಲ, ನಾನ ಕದ್ದು ಹಾಕಿದ್ನಿ," ಎಂದು ಹೇಳಿ ಬಂದಿದ್ದರು! ಆ ಮನೆಯವರೆಲ್ಲ ತಲೆಯ ಮೇಲೆ ತಣ್ಣೀರು ಸುರಿದುಕೊಂಡು, ಮೈತುಂಬ ವಿಭೂತಿ ಬಳಿದುಕೊಂಡು, ಕಾಕಾನಿಗೆ ಆಡಬಾರದ ಮಾತು ಆಡಿ, ಸಂಬಂಧ ಮುರಿದುಕೊಂಡರು. ನನ್ನ ಬಗ್ಗೆ ಮಾತ್ರ, "ಪಾಪ, ಹುಡುಗಿ ಚಲೋ ಇತ್ತು" ಎಂದರಂತೆ.

ನಾನು ಖಾನಾಪುರಕ್ಕೆ ಓಡಿದೆ. "ಒಂದೂ ತತ್ತಿ ಇರಲಿಲ್ಲಲ್ಲ ಕಾಕಾ! ಯಾಕ ಹಂಗ ಹೇಳಿದ್ರಿ?"

"ಹುಡುಗಿ ಒಲ್ಲೆ ಅಂದ್ಲು ಅಂತ ಹೇಳಿದ್ರ, ಏಳನೇದಾಂವ ಬರ್ತಾನೇನು ನಿನ್ನ ನೋಡಾಕ? ನನ್ನ ನೋಡಾಕ ಯಾರೂ ಬರೂದಿಲ್ಲ. ನನ್ನ ಹೆಸರು ಕೆಟ್ರ ಏನ್ ಕೆಡತೈತಿ? ಯಾರ ಮುಂದೂ ಬಾಯಿ ಬಿಡಬ್ಯಾಡ. ನಿಮ್ಮ ಅವ್ವನ ಮುಂದೂ."

ಕೆಟ್ಟದ್ದು ಸಣ್ಣದೇನಲ್ಲ. ಅವ್ವ ಒಂದು ವರ್ಷ ಅವರ ಜೊತೆ ಮಾತು ಬಿಟ್ಟಳು. ನೆಂಟರು ಅವರ ಮನೆಯಲ್ಲಿ ನೀರು ಮುಟ್ಟುವುದನ್ನು ಬಿಟ್ಟರು. ಹೊಸ್ತಿಲಲ್ಲಿ ನಿಂತು ತತ್ತಿಯನ್ನು ತಡೆದಿದ್ದ ಕಾಕು, ಓಣಿಯ ಹೆಂಗಸರು ಕೆದಕಿದರೆ, "ಇವರು ಏನೇನ್ ಮಾಡತಾರೋ, ನನಗೇನ್ ಗೊತ್ತವಾ!" ಎಂದು ಒಳಗೆ ಹೋಗುತ್ತಿದ್ದರು. ಈಗ ಇಬ್ಬರೂ ಇಲ್ಲ. ಅದಕ್ಕೇ ಹೇಳುತ್ತಿದ್ದೇನೆ.

ನಾನು ಬಿ.ಎಡ್. ಮಾಡಿ ಶಾಲೆಗೆ ಸೇರಿದೆ. ಎರಡು ವರ್ಷಗಳ ಮೇಲೆ ಅದೇ ಶಾಲೆಯ ಮಾಸ್ತರರೊಬ್ಬರು ತಾವಾಗಿಯೇ ಬಂದು ಕೇಳಿದರು. ಈ ಸಲ ತಾಟಿನ ಗೊಡವೆಯೇ ಬರಲಿಲ್ಲ.

ಬೆಳಗಾವಿಯಲ್ಲಿಯೇ ಮದುವೆ. ಅಕ್ಕಿಕಾಳು ಬಿದ್ದ ಮೇಲೆ ಊಟದ ಸಾಲು ಕೂತಿತು. ನಾನು ಬಾಸಿಂಗ ಕಟ್ಟಿಕೊಂಡು ನಿಂತಲ್ಲಿಂದ ನೋಡಿದೆ. ಕಾಕಾ ಗೋಡೆಯ ಕಡೆಯ ಸಾಲಿನಲ್ಲಿ ಕೂತಿದ್ದರು. ಅವರ ಎಡಕ್ಕೆ ಒಂದು ಎಲೆ ಖಾಲಿ, ಬಲಕ್ಕೆ ಒಂದು ಎಲೆ ಖಾಲಿ. ಹಿರಿಯರು ಬಂದು ನೋಡಿ, ಸರಿದು, ಬೇರೆ ಸಾಲಿಗೆ ಹೋಗುತ್ತಿದ್ದರು. ಕಾಕಾ ಏನೂ ಆಗಿಲ್ಲದವರಂತೆ ಹುಗ್ಗಿಯ ಮೇಲೆ ತುಪ್ಪ ಬರುವುದನ್ನೇ ಕಾಯುತ್ತಿದ್ದರು.

ನಾನು ಹೋಗಿ ಎಡಗಡೆಯ ಎಲೆಗೆ ಕುಳಿತೆ.

"ಏಳವಾ," ಎಂದರು ಕಾಕಾ, ತಲೆ ಎತ್ತದೆ. "ಮದಿಮಗಳು ಇಲ್ಲಿ ಕುಂದರಬಾರ್ದು. ಮಂದಿ ನೋಡ್ತಾರ."

"ನೋಡ್ಲಿ ಬಿಡ್ರಿ."

ಅಷ್ಟರಲ್ಲಿ ನನ್ನ ಗಂಡ, ಏನೂ ಗೊತ್ತಿಲ್ಲದವರು, ಯಾರನ್ನೂ ಕೇಳದೆ ಬಂದು ಬಲಗಡೆಯ ಎಲೆಗೆ ಕುಳಿತು, "ಕಾಕಾ, ಇಲ್ಲಿ ತುಪ್ಪ ಇನ್ನೂ ಬಂದಿಲ್ಲೇನ್ರಿ?" ಎಂದರು.

ಜಗತ್ತಿನ ಎಲ್ಲ ವಿಷಯಕ್ಕೂ ಮಾತಿದ್ದ ನಮ್ಮ ಕಾಕಾ ತಮ್ಮ ಎಲೆಯ ಬುಂದಿ ಉಂಡೆಯನ್ನು ಮುರಿದರು. ಅರ್ಧ ನನ್ನ ಗಂಡನ ಎಲೆಗೆ ಹಾಕಿದರು, ಅರ್ಧ ನನ್ನ ಎಲೆಗೆ.